ಕೈ ಮಾರುತ್ತಿತ್ತು, ಬಾಯಿ ಬ್ಯಾಡವೆನ್ನುತ್ತಿತ್ತು

2023ರ ಜುಲೈ ತಿಂಗಳು. ಆಗ ನಾನು ತಮಿಳುನಾಡಿನ ತೇನಿಯ ಒಂದು ಕಾರ್ ಶೋರೂಮಿನಲ್ಲಿ ಸೇಲ್ಸ್ ಕನ್ಸಲ್ಟೆಂಟ್. ಇಂಥ ವೃತ್ತಿ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರಾದವರು, ತಲೆ ನರೆತವರು ಬರೆಯುತ್ತಾರೆ. ನನ್ನ ತಲೆ ಇನ್ನೂ ಕಪ್ಪಗಿದೆ. ಆದರೆ ನಿವೃತ್ತಿಯ ಅನುಭವದಲ್ಲಿ ನಾನು ಅವರಿಗಿಂತ ಒಂದು ಕೈ ಮೇಲೆ, ಏಕೆಂದರೆ ಆ ಹೊತ್ತಿಗಾಗಲೇ ಎರಡು ಕೆಲಸಗಳಿಂದ ನನ್ನನ್ನು ನಿವೃತ್ತಿಗೊಳಿಸಲಾಗಿತ್ತು.

ಮೊದಲನೆಯದು ದಿಂಡಿಗಲ್ಲಿನ ಒಂದು ಬೀಗದ ಅಂಗಡಿ. ಮಾಲೀಕರು ಮೂಗಿನಲ್ಲಿ ಮಾತಾಡುತ್ತಿದ್ದರು. ಅವರು ಊಟಕ್ಕೆ ಹೋದಾಗ ನಾನೂ ಮೂಗಿನಲ್ಲೇ ವ್ಯಾಪಾರ ಮಾಡಿ ಗಿರಾಕಿಗಳನ್ನು ನಗಿಸುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು ಮಾತ್ರ ನಗಲಿಲ್ಲ. ಅವರು ಮಾಲೀಕರ ಹೆಂಡತಿ. ಎರಡನೆಯದು ಕೊಡೈಕಾನಲ್ಲಿನ ಹೋಟೆಲೊಂದರ ರಿಸೆಪ್ಷನ್. ಅಲ್ಲಿ ಮ್ಯಾನೇಜರರ ದನಿಯಲ್ಲಿ ಅಡುಗೆಮನೆಗೆ ಫೋನ್ ಮಾಡಿ ಒಂದು ಬಿರಿಯಾನಿ ಕಳಿಸಲು ಹೇಳಿದೆ. ಬಿರಿಯಾನಿ ಮ್ಯಾನೇಜರರ ಟೇಬಲ್ಲಿಗೇ ಹೋಯಿತು. ಅನುಕರಣೆ ಅಷ್ಟು ಚೆನ್ನಾಗಿತ್ತು. "ಮೂರನೆಯದೂ ಹೋದರೆ ಬೇರೆ ಹುಡುಕಬ್ಯಾಡ, ಬಂದು ದ್ರಾಕ್ಷಿ ಚಪ್ಪರದ ಕೆಳಗೆ ನಿಲ್ಲು" ಎಂದು ನಮ್ಮೂರು ತೇವಾರದಲ್ಲಿ ಅಪ್ಪ ಹೇಳಿಯಾಗಿತ್ತು. ನಮ್ಮ ಚಪ್ಪರದ ಎತ್ತರ ಐದೂವರೆ ಅಡಿ. ನಾನು ಐದು ಅಡಿ ಹತ್ತು ಇಂಚು. ಅಪ್ಪ ಕೊಟ್ಟದ್ದು ಕೆಲಸವಲ್ಲ, ಬಗ್ಗಿಕೊಂಡೇ ಕಳೆಯಬೇಕಾದ ಜೀವಾವಧಿ ಶಿಕ್ಷೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಮನೆಮಾತು ಕನ್ನಡ. ಕರ್ನಾಟಕ ಬಿಟ್ಟು ಎಷ್ಟು ತಲೆಮಾರಾಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಷರ ಕಲಿತದ್ದು ನಾನೊಬ್ಬನೇ, ಅದೂ ಮೈಸೂರಿನಲ್ಲಿ ಮೂರು ವರ್ಷ ಡಿಪ್ಲೊಮಾ ಓದುವಾಗ. ಹೊಸ್ತಿಲ ಒಳಗೆ ಕನ್ನಡ, ದಾಟಿದರೆ ತಮಿಳು. ಹಾಗಾಗಿ ನಮ್ಮವರಿಗೆಲ್ಲ ಒಂದು ಗಟ್ಟಿ ನಂಬಿಕೆ ಇದೆ: ಮನೆಮಾತು ಎಂದರೆ ಬಾಗಿಲು ಹಾಕಿದ ಕೋಣೆ, ಅದರೊಳಗೆ ಆಡಿದ್ದು ಹೊರಗಿನವರಿಗೆ ಕೇಳುವುದೇ ಇಲ್ಲ. ಸೀರೆ ಅಂಗಡಿಯಲ್ಲಿ ಅಂಗಡಿಯವನ ಎದುರಿಗೇ "ಇವ್ನು ಕಳ್ಳ, ಏಳು" ಎನ್ನುತ್ತೇವೆ. ಬಸ್ಸಿನಲ್ಲಿ ಪಕ್ಕದವರ ಮೂಗಿನ ಉದ್ದದ ಬಗ್ಗೆ ಪಕ್ಕದವರ ಮುಂದೆಯೇ ಚರ್ಚಿಸುತ್ತೇವೆ. ನಾನಂತೂ ಶೋರೂಮಿನಲ್ಲಿ ಊಟದ ಹೊತ್ತಿಗೆ ಗೆಳೆಯರಿಗೆ ಫೋನ್ ಮಾಡಿ ಸಹೋದ್ಯೋಗಿಗಳ ದನಿ, ನಡಿಗೆ, ಕೆಮ್ಮು ಎಲ್ಲವನ್ನೂ ಕನ್ನಡದಲ್ಲಿ ಪ್ರಸಾರ ಮಾಡುತ್ತಿದ್ದೆ.

ಈಗ ಶೋರೂಮಿನ ಲೆಕ್ಕ. ಹೊಸ ಕಾರಿನ ಬೆಲೆಪಟ್ಟಿಯಲ್ಲಿ ಎಕ್ಸ್-ಶೋರೂಮ್ ಬೆಲೆ, ರಸ್ತೆ ತೆರಿಗೆ, ಇನ್ಶೂರೆನ್ಸ್ ಎಂದು ಮೂರು ಸಾಲುಗಳಿರುತ್ತವೆ. ಗಿರಾಕಿ ಇವನ್ನು ಬಿಡುವಂತಿಲ್ಲ. ಆದರೆ ಇನ್ಶೂರೆನ್ಸನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಅದನ್ನು ನಾವು ನಾವಾಗಿ ಹೇಳುತ್ತಿರಲಿಲ್ಲ. ನಾಲ್ಕನೆಯ ಸಾಲಿನ ಹೆಸರು 'ಪ್ರೊಟೆಕ್ಷನ್ ಪ್ಯಾಕೇಜ್'. ಕಾರಿನ ಮೇಲೆ ಬಳಿಯುವುದು, ಕೆಳಗೆ ಬಳಿಯುವುದು, ಒಳಗೆ ಹಾಸುವುದು, ಹೊರಗೆ ಅಂಟಿಸುವುದು ಎಲ್ಲ ಸೇರಿ ಮೂವತ್ತೆಂಟು ಸಾವಿರ. ಆಡ್-ಆನ್ ಎಂದು ಕರೆಯುವ ಇವುಗಳನ್ನು ಪ್ರತಿಯೊಬ್ಬ ಕನ್ಸಲ್ಟೆಂಟ್ ಒಂದು ಕಾರಿಗೆ ಸರಾಸರಿ ಇಪ್ಪತ್ತೈದು ಸಾವಿರದಷ್ಟು ಮಾರಬೇಕಿತ್ತು. ನನ್ನ ಸರಾಸರಿ ಎರಡು ತಿಂಗಳಿಂದ ಒಂಬತ್ತು ಸಾವಿರದಲ್ಲೇ ಇತ್ತು. ನನ್ನ ಗಿರಾಕಿಗಳು ನಗುನಗುತ್ತಾ ಬರುತ್ತಿದ್ದರು, ಕಾರು ಬಿಟ್ಟರೆ ಬೇರೇನನ್ನೂ ಕೊಳ್ಳದೆ ನಗುನಗುತ್ತಾ ಹೋಗುತ್ತಿದ್ದರು.

"ಕಾರು ಮಾರೋದು ನಾವಲ್ಲ, ಕಂಪನಿ. ನಾವು ಮಾರೋದು ಕಾರಿನ ಮೇಲೆ ಏನಿರುತ್ತೋ ಅದನ್ನ" ಎಂದು ಸೇಲ್ಸ್ ಮ್ಯಾನೇಜರ್ ಪಾಂಡಿರಾಜನ್ ಸರ್ ಪ್ರತಿದಿನ ಬೆಳಗಿನ ಮೀಟಿಂಗಿನಲ್ಲಿ ಹೇಳುತ್ತಿದ್ದರು. ದಿಂಡಿಗಲ್ಲಿನಿಂದ ದಿನಾ ಓಡಾಡುವ ಮನುಷ್ಯ. ಮಧುರೈ ಕಚೇರಿಯಿಂದ ಗಂಟೆಗೊಂದು ಫೋನ್ ಬರುತ್ತಿತ್ತು, ಪ್ರತಿ ಫೋನಿಗೂ ಅವರ ಕಾಲರ್ ಒಂದಿಷ್ಟು ಒದ್ದೆಯಾಗುತ್ತಿತ್ತು. ನನಗೆ ಅವರು ಹೇಳಿದ್ದು ಇಷ್ಟೇ: "ಮೂರನೇ ತಿಂಗಳೂ ಹೀಗೇ ಆದರೆ ನಿನ್ನ ಕುರ್ಚಿಯಲ್ಲಿ ಬೇರೆಯವರು ಕೂತಿರ್ತಾರೆ." ಜುಲೈ ಆ ಮೂರನೇ ತಿಂಗಳು.

ಅಂದು ತಮಿಳು ಪಂಚಾಂಗದ ಆನಿ ಮಾಸದ ಕೊನೆಯ ದಿನ. ಮಾರನೆಯ ದಿನ ಆಷಾಢದಂತಿರುವ ಆಡಿ ಹುಟ್ಟುತ್ತದೆ. ನಮ್ಮ ಕಡೆ ಆಡಿ ತಿಂಗಳಲ್ಲಿ ಹೊಸ ವಾಹನವನ್ನು ಮನೆಗೆ ತರುವುದಿಲ್ಲ. ಆದ್ದರಿಂದ ಆನಿಯ ಕೊನೆಯ ದಿನ ಶೋರೂಮಿಗೆ ಬಂದವರು ಕಾರು ಬಿಟ್ಟು ಎದ್ದು ಹೋಗುವುದಿಲ್ಲ. ಪಾಂಡಿರಾಜನ್ ಸರ್‌ಗೆ ಇದು ಪಂಚಾಂಗದವರಿಗಿಂತ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಬೊಮ್ಮಕ್ಕ ಬಂದರು. ಕೊಂಬೈ ಊರಿನವರು, ಐವತ್ತೈದರ ಆಸುಪಾಸು, ಎರಡು ಎಕರೆ ದ್ರಾಕ್ಷಿ. ಬಿಳಿ ಬಣ್ಣದ ಸಣ್ಣ ಕಾರು ಬುಕ್ ಮಾಡಿ ತಿಂಗಳಾಗಿತ್ತು. ಬುಕ್ ಮಾಡಿಸಿಕೊಂಡಿದ್ದ ಕನ್ಸಲ್ಟೆಂಟ್ ಕೆಲಸ ಬಿಟ್ಟು ಹೋಗಿದ್ದರಿಂದ ಫೈಲು ನನ್ನ ಕೈಗೆ ಬಂದಿತ್ತು. ಅವರು ಒಳಗೆ ಬಂದಾಗ ನಾನು ಅವ್ವನ ಜೊತೆ ಫೋನಿನಲ್ಲಿದ್ದೆ. "ಬೆಳಿಗ್ಗೆ ಉಂಡೆ ಕಣವ್ವಾ, ಇಕ್ಕು ಫೋನು" ಎಂದದ್ದು ಅವರ ಕಿವಿಗೆ ಬಿತ್ತು.

"ಏನಡಾ, ನೀನು ನಮ್ಮ ಮಾತಾ?"

"ಹೌದು."

"ಯಾವೂರು? ಯಾರ ಮಗ?"

"ತೇವಾರ. ರಂಗಯ್ಯನ ಮಗ, ಜಗನ್. ಅವ್ವಂದು ಗೂಡಲೂರು."

ಬೊಮ್ಮಕ್ಕ ಬೆರಳು ಮಡಿಚುತ್ತಾ ಎರಡು ತಲೆಮಾರು ಹಿಂದೆ ಹೋದರು, ಕಂಬಂ ಪಕ್ಕದ ಆ ಗೂಡಲೂರಿನಲ್ಲಿ ಒಂದು ಮದುವೆ ಹುಡುಕಿದರು, ಅಲ್ಲಿಂದ ಕೊಂಬೈಗೆ ಬಂದು ನನ್ನ ಮುಂದೆ ನಿಂತರು. "ಅಂಗಾರೆ ನೀ ನಂಗೆ ಅಳಿಯನ ವರಸೆ ಆಗ್ಬೇಕು. ಸೆರಿ ಬಿಡು, ಇನ್ನ ನಂಗೇನ್ ಕವಲೆ, ಏನ್ ಚಿಂತೆ? ಎಲ್ಲಾ ನೀನೇ ನೋಡ್ಕಂತೀಯ."

ನಮ್ಮ ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಮದುವೆ ಸೀರೆಯಿರಲಿ, ಎತ್ತಿರಲಿ, ಪಂಪ್‌ಸೆಟ್ಟಿರಲಿ, ಕೊಳ್ಳುವ ಜಾಗದಲ್ಲಿ ಅಳಿಯನ ವರಸೆಯವನು ಸಿಕ್ಕಿಬಿಟ್ಟರೆ ಆರಿಸುವುದು ಅವನ ಕೆಲಸ. ಅವನು ಬೆರಳಿಟ್ಟದ್ದನ್ನು ಅತ್ತೆ ಬೇಡವೆನ್ನುವುದಿಲ್ಲ, ಬಿಟ್ಟದ್ದನ್ನು ಬೇಕೆನ್ನುವುದಿಲ್ಲ. ಸಾಮಾನು ಕೆಟ್ಟದ್ದು ಬಂದರೆ ಮುಂದಿನ ಹತ್ತು ವರ್ಷ ಪ್ರತಿ ಮದುವೆಯ ಪಂಕ್ತಿಯಲ್ಲೂ ಅದನ್ನು ಹೇಳಿಸಿಕೊಳ್ಳುವುದೂ ಅವನ ಕೆಲಸವೇ.

"ಡ್ರೈವರ್ ಯಾರತ್ತೆ?" ಎಂದು ಕೇಳಿದೆ.

"ಯಾರಾ? ನಾನೇ. ಕಂಬಂಗೆ ಓಗಿ ಮೂರು ತಿಂಗ್ಳು ಕಲ್ತಿವ್ನಿ. ನಮ್ಮಣ್ಣದೀರು ನಗ್ತಾ ಕುಂತವ್ರೆ, ಈ ಮುದ್ಕಿ ವಂಡಿ ಓಡ್ಸಿ ಬರಾದ ನೋಡಾಣ ಅಂತ. ಯಮಗಂಡಕ್ಕೆ ಮುಂಚೆ, ಹನ್ನೆರಡ್ರೊಳ್ಗೆ ಓಗಿ ಬಾಗ್ಲಾಗೆ ನಿಲ್ಲಿಸ್ಬೇಕು ಅಳಿಯಾ. ಇವತ್ತು ಬಿಟ್ರೆ ಆಡಿ. ಆಡಿ ಮುಗಿಯೋಗಂಟ ಅವ್ರ ನಗು ನಾ ಕೇಳ್ತಾ ಕೂರ್ಬೇಕಾ?"

ಕೊಂಬೈಗೆ ಒಂದು ಗಂಟೆಗೂ ಹೆಚ್ಚು ದಾರಿ. ಹೊಸದಾಗಿ ಕಲಿತವರಿಗೆ ಒಂದೂವರೆ ಎಂದಿಟ್ಟುಕೊಳ್ಳಿ. ಹತ್ತೂವರೆಗೆ ಹೊರಡಲೇಬೇಕು. ಡೆಲಿವರಿ ಜಾಗದಲ್ಲಿ ಕಾರು ಹಾರ ಹಾಕಿಕೊಂಡು, ನಾಲ್ಕು ಚಕ್ರದಡಿಯೂ ನಿಂಬೆಹಣ್ಣು ಇಟ್ಟುಕೊಂಡು ನಿಂತಿತ್ತು. ಒಂದು ಸಹಿ ಬಾಕಿ. ಆ ಸಹಿ ಮೂವತ್ತೆಂಟು ಸಾವಿರದ ಕಾಗದದ ಮೇಲೆ ಬೀಳಬೇಕಿತ್ತು.

ಪಾಂಡಿರಾಜನ್ ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಜನವಂತೆ. ಒಳ್ಳೇದಾಯ್ತು. ನಿಮ್ಮ ಭಾಷೆಯಲ್ಲೇ ಮಾತಾಡಿ ಮುಗಿಸು. ಪೂರ್ತಿ ಪ್ಯಾಕೇಜ್. ನಾನೂ ಕೂತಿರ್ತೀನಿ."

ಗಾಜಿನ ಕ್ಯಾಬಿನ್ನಿನೊಳಗೆ ಹೋದೆವು. ಎಸಿ ಹೊರಗೆ ಹೋಗಬಾರದೆಂದು ಸರ್ ಬಾಗಿಲು ಹಾಕಿ, ಅದಕ್ಕೆ ಒರಗುವಂತೆ ಕುರ್ಚಿ ಎಳೆದು ಕೂತರು. ಎದುರಿಗೆ ಅತ್ತೆ. ಮೂಲೆಯ ಟೇಬಲ್ಲಿನಲ್ಲಿ ಇನ್ಶೂರೆನ್ಸ್ ನೋಡಿಕೊಳ್ಳುವ ಮಲರ್ ಕೀಬೋರ್ಡ್ ಕುಟ್ಟುತ್ತಿದ್ದಳು. ಎರಡು ವರ್ಷದಿಂದ ನೋಡುತ್ತಿದ್ದೇನೆ, 'ಹಾಂ', 'ಇಲ್ಲ', 'ಸೀಲ್ ಎಲ್ಲಿ' ಬಿಟ್ಟರೆ ಅವಳ ಬಾಯಿಂದ ನಾಲ್ಕನೇ ಮಾತು ಬಿದ್ದದ್ದಿಲ್ಲ. ಹೊರಗಿನಿಂದ ನೋಡಿದವರಿಗೆ ನಾವು ನಾಲ್ವರು ಮೀನಿನ ತೊಟ್ಟಿಯಲ್ಲಿದ್ದಂತೆ ಕಂಡಿರಬೇಕು. ಬಾಗಿಲಲ್ಲಿ ಮ್ಯಾನೇಜರ್, ಎದುರಿಗೆ ನಂಬಿ ಬಂದ ಅತ್ತೆ, ಗೋಡೆಯ ಮೇಲೆ ಗಡಿಯಾರ. ಎತ್ತ ತಿರುಗಿದರೂ ಗಾಜು.

"ನಂಬರ್ ಬಿಟ್ರೆ ಬರ್ಕೊಟ್ಟಿದ್ದು ಓದೋಕೆ ನಂಗಾಗಲ್ಲ," ಎಂದರು ಅತ್ತೆ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ನೀ ಎಲ್ಲಿ ಬೆರಳಿಕ್ತೀಯೋ ಅಲ್ಲಿ ಕೈಯೆಳುತ್ತು ಹಾಕ್ತೀನಿ."

ನಾನು ಬೆರಳಿಟ್ಟರೆ ಕುರ್ಚಿ ಉಳಿಯುತ್ತದೆ, ಅತ್ತೆಗೆ ಮೂವತ್ತೆಂಟು ಸಾವಿರದ ಬಣ್ಣ, ಡಾಂಬರು, ಸ್ಟಿಕ್ಕರ್. ಇಡದಿದ್ದರೆ ಐದೂವರೆ ಅಡಿಯ ಚಪ್ಪರ. ಈ ಎರಡರ ನಡುವೆ ನನಗೆ ಹೊಳೆದದ್ದು ನನ್ನ ಹುಟ್ಟುಗುಣಕ್ಕೆ ತಕ್ಕ ಉಪಾಯ. ಮ್ಯಾನೇಜರರಿಗೆ ಕಾಣುವುದು ನನ್ನ ಕೈ ಮತ್ತು ಮುಖ. ಮಾತು ನಮ್ಮ ಬಾಗಿಲು ಹಾಕಿದ ಕೋಣೆಯೊಳಗಿನದು. ಕೈ ಮಾರಲಿ, ಬಾಯಿ ಬೇಡವೆನ್ನಲಿ.

ಪರದೆ ಸರಿಸುವವನಂತೆ ಎರಡೂ ಕೈ ಅಗಲಿಸಿದೆ. ಜಾಹೀರಾತಿನವರ ಮುಗುಳ್ನಗೆ ಹಾಕಿಕೊಂಡೆ. ಜೇನು ಸುರಿಯುವ ದನಿಯಲ್ಲಿ ಹೇಳಿದೆ: "ಅತ್ತೆ, ನಗಬ್ಯಾಡಿ. ಮೂತಿ ಗಟ್ಟಿಯಾ ಇಟ್ಕಳಿ. ಬಾಗ್ಲಾಗೆ ಕುಂತಿರೋರು ನಂಗೆ ಸಂಬ್ಳ ಕೊಡೋರು. ನಾ ಕೈಲಿ ತೋರ್ಸೋದು ಒಂದು, ಬಾಯಲ್ಲಿ ಹೇಳೋದು ಒಂದು. ಬಾಯಿದು ಕೇಳಿ."

ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. ಕಂಬಂ ಮಂಡಿಯ ದಲ್ಲಾಳಿಗಳಿಗೆ ಮೂವತ್ತು ವರ್ಷ ದ್ರಾಕ್ಷಿ ಹಾಕಿದವರು. ಮುಖದ ಮೇಲೆ ಏನೂ ತೋರದೆ ವ್ಯಾಪಾರ ಮಾಡುವುದನ್ನು ನನ್ನಿಂದ ಕಲಿಯಬೇಕಿರಲಿಲ್ಲ. "ಇದೇನಿದು ಒಂಬತ್ತೂವರೆ ಸಾವ್ರ?" ಎಂದರು ಗಂಭೀರವಾಗಿ.

"ಬಣ್ಣದ ಮೇಲೆ ಬಳಿಯೋ ಸೆರಾಮಿಕ್ ಕೋಟಿಂಗ್. ಪಳಪಳ ಅಂತದೆ."

"ಮೈಲುತುತ್ತ ಬಿದ್ರೆ ತಡೀತದಾ? ಗೊಂಚ್ಲಿಗೆ ಅಡಿಸುವಾಗ ಗಾಳೀಲಿ ಬಂದು ಬೀಳ್ತದೆ."

"ಔಷ್ದಿ ಅಡಿಸೋ ದಿವ್ಸ ಒಂದು ಹಳೇ ಸೀರೆ ಹೊದ್ಸಿ. ಬ್ಯಾಡ." 'ಬ್ಯಾಡ' ಎನ್ನುವಾಗ ಗರ್ಭಗುಡಿಯ ಮುಂದೆ ನಿಂತವನಂತೆ ಎರಡೂ ಕೈ ಮೇಲೆತ್ತಿದೆ. ಪಾಂಡಿರಾಜನ್ ಸರ್ ಮೆಚ್ಚಿ ತಲೆಯಾಡಿಸಿದರು.

"ಇದು ಹೊಟ್ಟೆ ಕೆಳ್ಗೆ ಬಳಿಯೋದು, ಅಂಡರ್‌ಬಾಡಿ ಕೋಟಿಂಗ್. ತುಕ್ಕು ಹಿಡೀಬಾರ್ದು ಅಂತ ಫ್ಯಾಕ್ಟ್ರೀಲೇ ಬಳ್ದಿರ್ತಾರೆ. ಕಡ್ಲ ಪಕ್ಕ ಇರೋರು ಇನ್ನೊಂದ್ಸಾರಿ ಬಳ್ಸಿಕಳ್ಳಿ. ಕೊಂಬೈಗೆ ಕಡ್ಲು ಯಾವಾಗ ಬಂತು? ಬ್ಯಾಡ."

"ಇಲಿಗೇನಾದ್ರೂ ಅದಾ? ಕೊಟ್ಟಿಗೇಲಿ ಇಲಿ ಜಾಸ್ತಿ."

"ಅದೆ, ವೈರ್ ಕಡೀದಂಗೆ ಹೊಡೆಯೋ ಔಷ್ದಿ, ಎರಡೂವರೆ ಸಾವ್ರ. ನಾಲ್ಕು ಮಳೆ ಬಂದ್ರೆ ತೊಳ್ದೋಗ್ತದೆ. ಬಜಾರ್‌ನಾಗೆ ಕಂಬಿ ಬಲೆ ಸಿಕ್ತದೆ, ಅದ ಹಾಕ್ಸಿ. ಬ್ಯಾಡ."

"ಇದು?"

"ಎಕ್ಸ್‌ಟೆಂಡೆಡ್ ವಾರಂಟಿ. ಕಂಪನಿ ವಾರಂಟಿ ಮುಗಿದ್ಮೇಲೆ ಇನ್ನೆರಡು ವರ್ಷ. ಕೆಟ್ಟದ್ದಲ್ಲ. ಆದ್ರೆ ಕಂಪನೀದು ಮುಗಿಯೋಕೆ ಮುಂಚೆ ಯಾವಾಗಾದ್ರೂ ಕಟ್ಬಹುದು, ಸ್ವಲ್ಪ ಜಾಸ್ತಿ ಆಗ್ತದೆ ಅಷ್ಟೆ. ಓಡ್ಸಿ ನೋಡಿ ಕಟ್ಟಿ. ಈಗ ಬ್ಯಾಡ."

ಹೀಗೇ ಕ್ರೋಮ್ ಹಿಡಿಕೆ ಬ್ಯಾಡ, ನೀಲಿ ದೀಪ ಬ್ಯಾಡ, ಮಲ್ಲಿಗೆ ವಾಸನೆಯ ಡಬ್ಬಿ ಬ್ಯಾಡ ಆಯಿತು, ಕಾಲ್‌ಹಾಸು ಇರಲಿ ಎಂದಾಯಿತು. ಕೆಂಪು ಸ್ಟೀರಿಂಗ್ ಕವರಿಗೆ ಬಂದಾಗ ಮಾತ್ರ ಅತ್ತೆ ಪದ್ಧತಿ ಮುರಿದರು.

"ಅದು ನಂಗೆ ಬೇಕು."

"ಅದ್ರಿಂದ ಏನೂ ಉಪ್ಯೋಗ ಇಲ್ಲತ್ತೆ."

"ಇರ್ಲಿ. ಕೆಂಪ್ಗದೆ."

ಆ ಒಂದು ಸೋಲನ್ನು ಒಪ್ಪಿಕೊಂಡು ಮುಂದೆ ಹೋದೆ. ಅಷ್ಟರಲ್ಲಿ ನನಗೆ ನನ್ನ ಆಟದ ಅಮಲು ಏರಿತ್ತು. ಸರ್ ಬಾಗಿಲಿಗೊರಗಿ ಮಧುರೈಗೆ ಫೋನಿನಲ್ಲಿ "ಐದು ನಿಮಿಷ ಸರ್, ಫುಲ್ ಪ್ಯಾಕೇಜ್" ಎನ್ನುತ್ತಿದ್ದರು. ಕೆಲಸವನ್ನೂ ಉಳಿಸಿಕೊಂಡು ಅತ್ತೆಯನ್ನೂ ಉಳಿಸುತ್ತಿರುವ ನನ್ನಂಥ ಅಳಿಯ ಕಂಬಂ ಕಣಿವೆಯಲ್ಲೇ ಇಲ್ಲ ಎಂದುಕೊಂಡೆ. ಕೊನೆಗೆ ಏನೆಂದು ಲೆಕ್ಕ ಕೊಡುತ್ತೇನೆ ಎಂಬುದು ಆ ಹೊತ್ತಿಗೆ ತಲೆಯಲ್ಲೇ ಇರಲಿಲ್ಲ.

ಇನ್ಶೂರೆನ್ಸಿನ ಆಡ್-ಆನ್‌ಗಳು ಬಂದವು. ಝೀರೋ ಡಿಪ್ರಿಸಿಯೇಶನ್‌ಗೆ ಬೆರಳಿಟ್ಟೆ. ಅದಿಲ್ಲದಿದ್ದರೆ ಅಪಘಾತವಾದಾಗ ಪ್ಲಾಸ್ಟಿಕ್, ರಬ್ಬರ್ ಭಾಗಗಳು ಹಳತಾದವೆಂದು ಇನ್ಶೂರೆನ್ಸಿನವರು ಹಣ ಕಡಿತ ಮಾಡುತ್ತಾರೆ. ಹೊಸದಾಗಿ ಓಡಿಸುವವರು ಗೇಟಿಗೂ ಗೋಡೆಗೂ ಒಂದೆರಡು ಸಲ ಗುದ್ದುವುದು ಖಂಡಿತ. ಅದರ ಕೆಳಗಿನ ಸಾಲು 'ಎಂಜಿನ್ ಪ್ರೊಟೆಕ್ಟ್'. ನಾನು ಓದಲೂ ಇಲ್ಲ.

"ಇದು ಎಂಜಿನ್‌ಗೆ ಕಾವಲು. ಎಂಜಿನ್ ಹೊತ್ಕಂಡೋಗೋಕೆ ಯಾವ ಕಳ್ಳ ಬರ್ತಾನತ್ತೆ? ಬ್ಯಾಡ."

ಮೂಲೆಯಲ್ಲಿ ಕೀಬೋರ್ಡಿನ ಸದ್ದು ನಿಂತಿತು.

"ಅತ್ತೆ," ಎಂದಳು ಮಲರ್. ಒಂದೊಂದೇ ಮಾತನ್ನು ಕೈಯಿಂದ ಹಿಡಿದು ನಡೆಸಿಕೊಂಡು ಬರುವವಳಂತೆ, ಅಚ್ಚ ನಮ್ಮ ಮನೆಮಾತಿನಲ್ಲಿ ಹೇಳಿದಳು: "ಅದ... ಬಿಡಬ್ಯಾಡಿ."

ನನ್ನ ಕೈ ಗಾಳಿಯಲ್ಲೇ ನಿಂತಿತು. ನಾನು ಕುರ್ಚಿಯಲ್ಲಿ ಕೂತಂತೆಯೇ ಎರಡು ವರ್ಷ ಹಿಂದಕ್ಕೆ ಬಿದ್ದೆ. ಇದೇ ಮೂಲೆಯ ಪಕ್ಕ ಕೂತು ಫೋನಿನಲ್ಲಿ ಮಾಡಿದ ಪ್ರಸಾರಗಳೆಲ್ಲ ಒಂದೊಂದಾಗಿ ನೆನಪಾದವು. ಅವುಗಳಲ್ಲಿ ಮಲರ್ ನಡೆಯುವ ರೀತಿಯ ಬಗ್ಗೆ ಒಂದು ವಿಶೇಷ ಸಂಚಿಕೆಯೂ ಇತ್ತು.

ಮಲರ್ ನನ್ನ ಕಡೆ ನೋಡಲಿಲ್ಲ. "ನಿಮ್ಮ ತೋಟ್ಕೆ ಓಗೋ ದಾರೀಲಿ ಹಳ್ಳ ಅದಾ ಅತ್ತೆ?"

"ಅದೆ. ಅಡ್ಡಡ್ಡ ಹರೀತದೆ. ತಗ್ಗು ಸೇತ್ವೆ. ಐಪ್ಪಸಿ ಮಳೇಲಿ ಮೊಣಕಾಲುದ್ದ ನೀರು."

"ನೀರಾಗೆ ಓದ್ರೆ ಎಂಜಿನ್ ನೀರು ಕುಡೀತದೆ. ಒಳ್ಗೆ ಮುರ್ಕಂತದೆ. ಬರೀ ಇನ್ಶೂರೆನ್ಸ್ ಆದ್ರೆ ಅದ್ಕೆ ಕಾಸು ಕೊಡಲ್ಲ. ಓದ ವರ್ಷ ಆ ಕಡೆಯಿಂದ ಮೂರು ವಂಡಿ ಅಂಗೇ ಬಂತು. ಒಂದ್ರದ್ದೂ ನಾ ಬರ್ಸಿಕೊಡೋಕೆ ಆಗಲಿಲ್ಲ." ಅಷ್ಟು ಹೇಳಿ ಉಸಿರು ತೆಗೆದುಕೊಂಡಳು. "ನೀರಾಗೆ ನಿಂತೋದ್ರೆ ತಿರ್ಗಾ ಸ್ಟಾರ್ಟ್ ಮಾಡಬ್ಯಾಡಿ. ಒಂದ್ಸಾರಿ ಕೂಡ. ತಳ್ಳಿಸಿ ಆಚೆಗೆ ತಂದು ನಂಗೆ ಫೋನ್ ಮಾಡಿ."

ಅತ್ತೆ ನನ್ನ ಬೆರಳಿಗೆ ಕಾಯದೆ ಆ ಸಾಲಿನ ಮೇಲೆ ತಾವೇ ಬೆರಳಿಟ್ಟರು.

ಪಾಂಡಿರಾಜನ್ ಸರ್ ಫೋನ್ ಕೆಳಗಿಟ್ಟರು. "ಮಲರ್, ನಿನಗೂ ಆ ಭಾಷೆ ಬರುತ್ತಾ?"

"ಅಜ್ಜಿ ಮಾತಾಡ್ತಿದ್ರು ಸರ್. ಗೂಡಲೂರಿನಲ್ಲಿ."

"ಹಾಗಾದರೆ ಹೇಳು. ಇವನು ಇಷ್ಟು ಹೊತ್ತು ಇವರಿಗೆ ಏನು ಹೇಳಿದ?"

ಗಡಿಯಾರ ಹತ್ತೂ ಇಪ್ಪತ್ತು. ಬಾಗಿಲಿಗೆ ಮ್ಯಾನೇಜರರ ಕುರ್ಚಿ ಅಡ್ಡ. ನಾನು ಬಾಗಿಲು ಹಾಕಿದ ಕೋಣೆ ಎಂದುಕೊಂಡಿದ್ದಕ್ಕೆ ಎರಡು ವರ್ಷದಿಂದ ಒಂದು ಕಿಟಕಿ ತೆರೆದೇ ಇತ್ತು. ಈಗ ಒಳಗಿದ್ದವನು ನಾನೊಬ್ಬನೇ, ಕೀಲಿ ಇದ್ದದ್ದು ಅವಳ ಕೈಯಲ್ಲಿ.

ಮಲರ್ ನನ್ನನ್ನು ನೋಡಿದಳು. ಅವಸರವಿಲ್ಲದೆ, ತನಗೆ ಸೇರಬೇಕಾದದ್ದನ್ನೆಲ್ಲ ವಸೂಲು ಮಾಡಿಕೊಳ್ಳುವಷ್ಟು ಹೊತ್ತು ನೋಡಿದಳು.

"ಎಲ್ಲವನ್ನೂ ಒಂದೊಂದಾಗಿ ವಿವರಿಸಿದ ಸರ್. ಯಾವುದನ್ನೂ ಬಿಡಲಿಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸರ್ ಬಾಯಿ ತೆರೆಯುವ ಮುಂಚೆ ಅತ್ತೆ ಅವರ ಕಡೆ ತಿರುಗಿದರು. ಇಷ್ಟು ಹೊತ್ತು ಕನ್ನಡದಲ್ಲೇ ಇದ್ದವರು ತಮಿಳಿಗೆ ಇಳಿದರು, ಅದೂ ಮಂಡಿಯ ತಮಿಳಿಗೆ. "ತಂಬಿ, ಈ ಹುಡುಗ ಗಂಟಲು ಒಣಗೋ ತನಕ ಹೇಳ್ದ. ಬೇಡ ಅಂತಿರೋದು ನಾನು. ಈ ಇನ್ಶೂರೆನ್ಸ್ ಎರಡು, ಕಾಲ್‌ಹಾಸು, ಕೆಂಪು ಕವರ್ ಕೊಡಿ. ಉಳಿದದ್ದಕ್ಕೆಲ್ಲ ಗೀಟು ಹಾಕಿ."

"ಅಮ್ಮಾ, ಪ್ಯಾಕೇಜ್ ಕಟ್ಟಾಯಂ. ಕಡ್ಡಾಯ. ಎಲ್ಲರಿಗೂ ಹಾಗೇ."

"ಹಂಗಾ? ಸರಿ, ಕಡ್ಡಾಯ ಅಂತ ಒಂದು ಕಾಗದದಲ್ಲಿ ಬರೆದು ಸೀಲ್ ಹಾಕಿಕೊಡಿ."

"ಹಾಗೆಲ್ಲ ಬರೆದು ಕೊಡೋಕಾಗಲ್ಲಮ್ಮ."

"ಬರೆಯೋಕಾಗದ್ದನ್ನ ಬಾಯಲ್ಲಿ ಹೇಳಬೇಡಿ ತಂಬಿ." ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು, ಚೀಲ ಹೆಗಲಿಗೇರಿಸಿದರು, ಎದ್ದರು. "ಆಡಿ ಕಳೆದ ಮೇಲೆ ಬರ್ತೀನಿ. ಇಲ್ಲಿಗೇ ಬರ್ತೀನಿ ಅಂತ ಹೇಳಲ್ಲ."

ಆ ಹೊತ್ತಿಗೆ ಅವರ ಮುಖ ನೋಡಿದವನು ನಾನು. ಗಾಜಿನಾಚೆ ಹಾರ ಹಾಕಿಕೊಂಡು ನಿಂತಿದ್ದ ಕಾರನ್ನು ಒಮ್ಮೆ, ಒಂದೇ ಒಮ್ಮೆ ನೋಡಿದರು. ಒಂದು ತಿಂಗಳ ನಗು ಅವರ ಕಿವಿಯಲ್ಲಿ ಆಗಲೇ ಶುರುವಾಗಿತ್ತು. ಆದರೂ ಹೆಜ್ಜೆ ನಿಲ್ಲಲಿಲ್ಲ. ಬಾಗಿಲ ಬಳಿ ಹೋಗಿ, ಸರ್ ಕುರ್ಚಿಯ ಮುಂದೆ ನಿಂತು, "ಸ್ವಲ್ಪ ದಾರಿ ಬಿಡ್ತೀರಾ?" ಎಂದರು.

ಮೇಜಿನ ಮೇಲೆ ಸರ್ ಫೋನ್ ಮತ್ತೆ ಅದುರತೊಡಗಿತು. ಮಧುರೈ. ಪ್ಯಾಕೇಜಿಲ್ಲದ ಕಾರಿಗಿಂತ ತಿಂಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲದ ಕಾರು ಅವರಿಗೆ ದುಬಾರಿ. ಅವರು ಫೋನ್ ನೋಡಿದರು, ಅತ್ತೆಯನ್ನು ನೋಡಿದರು, ಕಾಲರ್ ಸಡಿಲಿಸಿಕೊಂಡರು. "ಗೀಟು ಹಾಕಪ್ಪಾ," ಎಂದರು ನನಗೆ.

ಹತ್ತೂ ನಲವತ್ತಕ್ಕೆ ಬೊಮ್ಮಕ್ಕ ಅತ್ತೆ ನಾಲ್ಕು ನಿಂಬೆಹಣ್ಣು ಜಜ್ಜಿಕೊಂಡು ಹೊರಟರು. ಕಾರು ಎರಡು ಸಲ ಕಪ್ಪೆಯಂತೆ ನೆಗೆಯಿತು, ಮೂರನೆಯ ಸಲ ಓಡಿತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು: "ನಿಲ್ಲಿಸ್ದೆ ಅಳಿಯಾ. ಬಾಗ್ಲಾಗೆ. ಒಬ್ರೂ ನಗಲಿಲ್ಲ."

ಸಂಜೆ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಈ ಸಲ ಬಾಗಿಲು ತೆರೆದೇ ಇತ್ತು.

"ನಿಮ್ಮ ಭಾಷೆಯಲ್ಲಿ 'ಬ್ಯಾಡ' ಅಂದರೆ ಏನು?"

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಪ್ರತಿ ಸಾಲಿಗೂ ಒಂದೊಂದು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ನನಗೆ ಅರ್ಥ ಆಯ್ತು. ಆದರೂ ಆ ಕೈ ನೋಡಿ, ಇಷ್ಟು ಚೆನ್ನಾಗಿ ಮಾರೋವನು ಬೇಡ ಅಂತಾನಾ ಅಂತ ನನಗೇ ಅನುಮಾನ ಬಂತು." ಅವರು ನಗಲಿಲ್ಲ. "ನಾಳೆಯಿಂದ ಸೇಲ್ಸ್‌ಗೆ ಬರಬೇಡ. ಹಿಂದೆ ಸರ್ವಿಸ್ ಕೌಂಟರ್‌ನಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಮಾರೋದು ಏನೂ ಇಲ್ಲ, ಬೈಸಿಕೊಳ್ಳೋದು ಮಾತ್ರ. ನಿನಗೆ ಅಭ್ಯಾಸ ಇದೆ."

ಕೆಲಸ ಹೋಗಲಿಲ್ಲ. ಕಮಿಷನ್ ಹೋಯಿತು. ಚಪ್ಪರ ತಪ್ಪಿತು.

ಮಾರನೆಯ ದಿನ ಮಲರ್ ಹತ್ತಿರ ಹೋಗಿ ನಿಂತೆ. ಕ್ಷಮೆ ಕೇಳಲು ಯಾರ ದನಿಯೂ ಹೊಂದಲಿಲ್ಲ. "ಎರಡು ವರ್ಷ ಯಾಕೆ ಸುಮ್ನಿದ್ದೆ?" ಎಂದೆ.

"ಕೇಳಿದ್ರೆ ತಿಳೀತದೆ, ಆಡೋಕೆ ನಾಲ್ಗೆ ಬರಲ್ಲ. ಅಜ್ಜಿ ತೀರೋದ್ಮೇಲೆ ಆಡೇ ಇಲ್ಲ." ಪಾಲಿಸಿಯೊಂದಕ್ಕೆ ಸೀಲ್ ಒತ್ತಿದಳು. "ನೆನ್ನೆ ಆ ಮಾತ ಬಾಯೊಳ್ಗೆ ನಾಲ್ಕು ಸಾರಿ ಆಡಿ ನೋಡ್ಕಂಡೆ. ಅಷ್ಟ್ರಲ್ಲಿ ನೀ ಕಳ್ಳನ ಕತೆ ಮುಗ್ಸಿದ್ದೆ." ಆಮೇಲೆ ಎದ್ದು, ನಾನು ಫೋನಿನಲ್ಲಿ ವರ್ಣಿಸಿದ್ದ ಹಾಗೇ ಬೇಕೆಂದು ಹೆಜ್ಜೆ ಹಾಕುತ್ತಾ ಝೆರಾಕ್ಸ್ ಮೆಷಿನ್ನಿನ ತನಕ ಹೋಗಿ ಬಂದಳು. ಒಪ್ಪಿಕೊಳ್ಳಬೇಕು, ಅನುಕರಣೆ ನನಗಿಂತ ಚೆನ್ನಾಗಿತ್ತು.

ಸರ್ವಿಸ್ ಕೌಂಟರಿನಲ್ಲಿ ಕೂತ ಮೇಲೆ ನನಗೆ ಕಾರಿನ ಇನ್ನೊಂದು ಮುಖ ಕಂಡಿತು. ಶೋರೂಮಿನ ಮುಂಬಾಗಿಲಿನಿಂದ ಹೊಳೆಯುತ್ತಾ ಹೋದವು ಹಿಂಬಾಗಿಲಿಗೆ ಬರುತ್ತಿದ್ದವು. ಒಂಬತ್ತೂವರೆ ಸಾವಿರದ ಹೊಳಪು ಹೋದವು ಬಂದವು. ಇಲಿ ವೈರ್ ಕಡಿದವು ಬಂದವು. ಗೂಡಲೂರಿನಿಂದ ದಿನಾ ಕುಮಿಳಿ ಘಾಟ್ ಹತ್ತಿಳಿಯುವ ವ್ಯಾಪಾರಿಯೊಬ್ಬರು, ನಾನು ಒಂದು ಕಾಲದಲ್ಲಿ ನಗಿಸಿ ಕಳಿಸಿದ್ದವರು, ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸದೆ, ಕಂಪನಿ ವಾರಂಟಿಯ ಕಿಲೋಮೀಟರ್ ಮಿತಿಯೂ ದಾಟಿ, ಗೇರ್‌ಬಾಕ್ಸಿಗೆ ಪೂರ್ತಿ ಹಣ ಕೊಟ್ಟರು. ಅವರಿಗೆ ಅದು ಬೇಕಿತ್ತು, ನಾನು ಕೇಳಿರಲಿಲ್ಲ. ಕೆಲವರಿಗೆ ದಂಡವಾದದ್ದೇ ಇನ್ನು ಕೆಲವರಿಗೆ ಉಳಿತಾಯವಾಗಿತ್ತು. ಅದೇ ಕೋಟಿಂಗ್, ಅದೇ ಕಾಗದ. ಬೇರೆಯಾಗಿದ್ದದ್ದು ಕಾರು ನಿಲ್ಲುವ ಜಾಗ, ಹೋಗುವ ದಾರಿ.

ಅಕ್ಟೋಬರ್ ನಡುವೆ ಐಪ್ಪಸಿ ತಿಂಗಳು ಬಂತು. ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಬೆಳಿಗ್ಗೆ ಎಳೆದು ತರುವ ವಾಹನದ ಮೇಲೆ ಒಂದು ಬಿಳಿ ಕಾರು ಬಂತು. ಬಾಗಿಲಿನ ಅರ್ಧಕ್ಕೆ ಕೆಸರಿನ ಗೆರೆ. ಒಳಗೆ ಕೆಂಪು ಸ್ಟೀರಿಂಗ್ ಕವರ್. ನಾನು ಕೌಂಟರ್ ಬಿಟ್ಟು ಓಡಿದೆ. ಹಿಂದೆಯೇ ಆಟೋದಿಂದ ಅತ್ತೆ ಇಳಿದರು, ಸೀರೆ ಮೊಣಕಾಲ ತನಕ ಒದ್ದೆ.

"ಸೇತ್ವೆ ಮೇಲೆ ನೀರು ಕಮ್ಮಿ ಅಂತ ಎಣಿಸ್ದೆ. ನಡೂಕೆ ಓಗಿ ನಿಂತೋಯ್ತು. ನಮ್ಮಣ್ಣದೀರು ದಡದಾಗೆ ನಿಂತು ಇನ್ನೊಂದ್ಸಾರಿ ತಿರುವು, ಇನ್ನೊಂದ್ಸಾರಿ ತಿರುವು ಅಂತ ಕೂಗ್ತಾರೆ. ಆ ಹುಡ್ಗಿ ಮಾತು ನೆನೆಸ್ಕಂಡು ನಾ ಸಾವಿ ತೆಗ್ದು ಇಲ್ಲಿ ಕಟ್ಕಂಡ್ಬುಟ್ಟೆ." ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

ಎಂಜಿನ್ ಬಿಚ್ಚಿದಾಗ ಒಳಗೆ ನೀರಿತ್ತು, ಒಂದು ರಾಡ್ ಬಾಗಿತ್ತು. ರಿಪೇರಿಯ ಅಂದಾಜು ಒಂದು ಲಕ್ಷದ ಹತ್ತಿರ ಬಂತು. ತಿರುಗಿ ಸ್ಟಾರ್ಟ್ ಮಾಡಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತು, ಕ್ಲೇಮಿಗೂ ತಕರಾರು ಬರುತ್ತಿತ್ತು ಎಂದು ಪರಿಶೀಲಿಸಲು ಬಂದ ಸರ್ವೇಯರ್ ಹೇಳಿದರು. ಮಲರ್ ಕಾಗದಗಳ ಹಿಂದೆ ಹತ್ತು ದಿನ ಓಡಾಡಿದಳು. ಎಂಜಿನ್ ಪ್ರೊಟೆಕ್ಟ್ ಇದ್ದದ್ದರಿಂದ ಕ್ಲೇಮ್ ಪಾಸಾಯಿತು. ನಾನು ಕಳ್ಳನ ಕತೆ ಹೇಳಿ ನಗೆಯಾಡಿದ್ದ ಸಾಲು ಅದು.

ಕಾರು ಒಯ್ಯಲು ಬಂದ ದಿನ ಅತ್ತೆ ಮಲರ್‌ಗೆ ಒಂದು ಬುಟ್ಟಿ ಪನ್ನೀರ್ ದ್ರಾಕ್ಷಿ ತಂದಿದ್ದರು. ನನಗೆ ಒಂದು ಗೊಂಚಲು.

"ನೀ ಬೆರಳಿಟ್ಟಂಗೇ ಆಗಿದ್ರೆ ಹತ್ತು ವರ್ಷ ಮದ್ವೆ ಮದ್ವೇಲೂ ನಿನ್ ಕತೆ ಹೇಳ್ತಿದ್ದೆ ಅಳಿಯಾ."

"ಈಗ ಬಿಟ್ಬುಟ್ರಲ್ಲ ಅತ್ತೆ?"

"ಯಾರಂದ್ರು? ಓದ ವಾರ ಎರಡು ಮದ್ವೇಲಿ ಹೇಳ್ದೆ. ಆ ಕೈ ಎತ್ತಿದ್ದಂತೂ ಮಾಡಿ ತೋರ್ಸಿದೆ."

ಎಲ್ಲರ ದನಿ ಕದಿಯುವವನಿಗೆ ಕಿವಿ ಚುರುಕಾಗಿರಬೇಕು ಎಂದು ಜನ ಭಾವಿಸುತ್ತಾರೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ದಿನ ಕ್ಯಾಬಿನ್ನಿನೊಳಗೆ ನಾನು ಅತ್ತೆಯನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮ್ಯಾನೇಜರ್ ಎಲ್ಲವೂ ಬೇಕು ಎನ್ನುತ್ತಿದ್ದರು, ನಾನು ಹೆಚ್ಚುಕಡಿಮೆ ಎಲ್ಲವೂ ಬೇಡ ಎನ್ನುತ್ತಿದ್ದೆ. ಕಾರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಿದವಳು ಮೂಲೆಯಲ್ಲಿ ಮಾತಾಡದೆ ಕೂತಿದ್ದವಳು. ಸರ್ವಿಸ್ ಕೌಂಟರಿನ ಕುರ್ಚಿ ನನಗೆ ಕಲಿಸಿದ್ದು ಇದು.

ಅತ್ತೆ ಕಾರು ಹತ್ತಿ, ಕೆಂಪು ಕವರಿನ ಮೇಲೆ ಎರಡೂ ಕೈ ಇಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅದೇನೋ ವಾರಂಟಿ ಆಮೇಲೆ ಕಟ್ಬಹುದು ಅಂದಿದ್ಯಲ್ಲ. ಈಗ ಕಟ್ಲಾ, ಬ್ಯಾಡವಾ?"

ನನ್ನ ಕೈ ಅಭ್ಯಾಸಬಲದಿಂದ ಮೇಲೇಳತೊಡಗಿತು. ಅದನ್ನು ಇಳಿಸಿ ಜೇಬಿಗೆ ಹಾಕಿಕೊಂಡೆ.

"ಅತ್ತೆ, ತಿಂಗ್ಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ? ಎಲ್ಲೆಲ್ಲಿಗೆ ಓಗ್ತೀರಿ?"

ಬೊಮ್ಮಕ್ಕ ಅತ್ತೆ ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು, ಕಾಲು ಹೊರಗಿಟ್ಟು ಆರಾಮಾಗಿ ಕೂತರು.

"ಈಗ ಕೇಳ್ದೆ ನೋಡು," ಎಂದರು.